ಐವತ್ತರ ಮೇಲೆ ಪೆನ್ನು ಹಿಡಿದವರಿಗೆ

ನಾನು ಬರೆಯಲು ಕೂತಾಗ ನನಗೆ 51 ವರ್ಷ. ಅಲ್ಲಿಯವರೆಗೆ ಬರೆದದ್ದೆಂದರೆ ಅಳತೆ ಪುಸ್ತಕ ಮಾತ್ರ: ಎದೆ 34, ತೋಳು 9, ಉದ್ದ 14, ಹೆಸರು, ಮುಂಗಡ ಇಷ್ಟು, ಬಾಕಿ ಇಷ್ಟು. ಧಾರವಾಡ ಸೀಮೆಯ ಅಳ್ನಾವರದಲ್ಲಿ 26 ವರ್ಷ ಹೊಲಿಗೆ ಯಂತ್ರ ತುಳಿದಿದ್ದೇನೆ. ಗಂಡನ ಕುಡಿತ, ಅದರ ಸಾಲ, ಅವರು ಹೋದ ಮೇಲೆ ಎರಡು ವರ್ಷ ಯಾರ ಜೊತೆಗೂ ಮಾತು ಬೇಡವಾಗಿದ್ದು, ಇಷ್ಟನ್ನೂ ಈಗ ಒಂದೇ ಉಸಿರಿಗೆ ಹೇಳಬಲ್ಲೆ. ಆಗ ಬಾಯಿ ಬರುತ್ತಿರಲಿಲ್ಲ. ಬರೆಯುತ್ತ ಬರೆಯುತ್ತ ಬಂತು.

ಈಗ ನನ್ನ ಪಡಸಾಲೆಗೆ ಬಂದು ಕೂತು, "ಅಕ್ಕಾರ, ನನ್ನ ಕತಿ ಬರದ್ರ ಒಂದು ದೊಡ್ಡ ಪುಸ್ತಕನ ಆಗತೈತ್ರಿ. ಆದ್ರ ಎಲ್ಲಿಂದ ಹಿಡೀಲಿ?" ಎಂದು ಕೇಳುವವರಿದ್ದಾರೆ. ಭೂಮಿ ಕಳೆದುಕೊಂಡವರು, ದೊಡ್ಡ ಕಾಯಿಲೆಯಿಂದ ಎದ್ದು ಬಂದವರು, ಕುಡಿತ ಬಿಟ್ಟು ಏಳು ವರ್ಷವಾಯಿತು ಎಂದು ಎದೆ ಮುಟ್ಟಿ ಹೇಳುವ ಒಬ್ಬ ಅಣ್ಣ. ಅವರಿಗೆ ಬಾಯಲ್ಲಿ ಹೇಳುತ್ತ ಬಂದದ್ದನ್ನು ಇಲ್ಲಿ ಒಂದಾದ ಮೇಲೊಂದು ಇಟ್ಟಿದ್ದೇನೆ.

ವಯಸ್ಸಿನ ಮಾತನ್ನು ಮೊದಲೇ ಮುಗಿಸೋಣ. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರಿಗೆ ಹನ್ನೆರಡಕ್ಕೇ ಮದುವೆಯಾಯಿತು. ಶಾಲೆ ಅಲ್ಲಿಗೇ ನಿಂತಿತು. ಅವರು ಕಾದಂಬರಿ ಬರೆಯಲು ಕೂತದ್ದು 45ರ ಸುಮಾರಿಗೆ. ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಿ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರಿಗೆ ಓದು ಮುಂದುವರಿಸುವ ಆಸೆ ಬಹಳವಿತ್ತು, ಸಮಾಜ ಬಿಡಲಿಲ್ಲ. ಗ್ರಂಥಾಲಯದ ಸದಸ್ಯತ್ವ ಕೈಗೆ ಸಿಕ್ಕಿದ್ದೇ 1963ರಲ್ಲಿ. ಅಲ್ಲಿಂದ ಹದಿನೆಂಟು ವರ್ಷ ಓದಿದರು. 1981ರಲ್ಲಿ, 45ರ ವಯಸ್ಸಿನಲ್ಲಿ, ಅವರ 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರತೊಡಗಿತು. ನಾಲ್ಕು ಗಂಡುಮಕ್ಕಳನ್ನು ಬೆಳೆಸಿದ ತಾಯಿ ಅವರು. ಈ ಇಬ್ಬರ ಹೆಸರನ್ನು ನಿಮ್ಮ ವಹಿಯ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. "ಈ ವಯಸ್ಸಿನ್ಯಾಗ ಇದೇನ ಹುಚ್ಚು" ಎಂದು ಮನೆಯಲ್ಲಿ ಯಾರಾದರೂ ಅಂದ ದಿನ ಆ ಪುಟ ತೆಗೆದು ನೋಡಿ.

ಹಂತ 1: ಒಂದು ವಹಿ, ಒಂದು ಹೊತ್ತು

200 ಪುಟದ ಗೆರೆ ನೋಟ್‌ಬುಕ್ಕು ಸಾಕು. ಹೊಸ ವರ್ಷಕ್ಕೆ ಅಂಗಡಿಯವರು ಕೊಡುವ ದಪ್ಪ ರಟ್ಟಿನ ಡೈರಿ ಬೇಡ. ಅದರ ಮೇಲೆ ಕೆಟ್ಟದಾಗಿ ಬರೆಯಲು ಕೈ ಅಂಜುತ್ತದೆ, ಮೊದಲ ಆರು ತಿಂಗಳು ಕೆಟ್ಟದಾಗಿಯೇ ಬರೆಯಬೇಕಾಗುತ್ತದೆ. ಬಲಗಡೆಯ ಪುಟದಲ್ಲಷ್ಟೇ ಬರೆಯಿರಿ. ಎಡಗಡೆಯದನ್ನು ಖಾಲಿ ಬಿಡಿ. ಹದಿನೈದು ದಿನ ಬಿಟ್ಟು ಓದುವಾಗ ನೆನಪಾಗುವ ಮಾತುಗಳಿಗೆಲ್ಲ ಆ ಖಾಲಿ ಪುಟವೇ ಜಾಗ. ಕಾಗದ ಹಾಳಾಗುತ್ತದೆ ಎಂಬ ಚಿಂತೆ ಬೇಡ. ನಮ್ಮ ಜಂಕ್ಷನ್ನಿನಿಂದ ಒಂದು ಹಳಿ ಕವಲೊಡೆದು ದಾಂಡೇಲಿ ಕಡೆ ಹೋಗುತ್ತದೆ, ಅಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿದೆ. ಕಾಗದ ಹುಟ್ಟುವ ಊರಿನ ನೆರೆಯವರು ನಾವು.

ಹೊತ್ತು ಅರ್ಧ ತಾಸು, ದಿನಾ ಒಂದೇ ಸಮಯ. ನನ್ನದು ನಸುಕಿನ ಐದು ಗಂಟೆ, ನಳದ ನೀರು ಬರುವ ಮೊದಲು. ರಾತ್ರಿ ಕೂಡುತ್ತೇನೆ ಎಂದವರು ಬಹಳ ಜನ ಒಂದು ವಾರಕ್ಕೇ ಬಿಟ್ಟಿದ್ದಾರೆ. ದಣಿದ ಮೈ ಹಳೆಯ ದುಃಖದ ಕಡೆಗೇ ಎಳೆಯುತ್ತದೆ.

ಕೈ ನಡುಗುವವರು, ಶಾಲೆ ಕಡಿಮೆ ಆದವರು ಮೊಬೈಲಿಗೆ ಹೇಳಿ. ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡ ಆರಿಸಿ ಮೈಕ್ ಒತ್ತಿದರೆ ಮಾತು ಅಕ್ಷರವಾಗುತ್ತದೆ. ನಮ್ಮ ಕಡೆಯ ಮಾತನ್ನು ಅದು ಆಗಾಗ ಬೇರೆಯದೇ ಶಬ್ದ ಮಾಡಿಬಿಡುತ್ತದೆ. ಅದಕ್ಕೇ ಅವತ್ತು ಹೇಳಿದ್ದನ್ನು ಅವತ್ತೇ ಓದಿ ತಿದ್ದಿ. ನಾಳೆಗೆ ಬಿಟ್ಟರೆ ನೀವೇನು ಅಂದಿದ್ದಿರೆಂದು ನಿಮಗೇ ತಿಳಿಯುವುದಿಲ್ಲ.

ಹಂತ 2: ದುಃಖವನ್ನು ಆಚೆ ಇಡಿ, ಒಂದು ಸಾಮಾನು ಹಿಡಿಯಿರಿ

ಎಲ್ಲರೂ ಎಡವುವುದು ಇಲ್ಲಿಯೇ. ಕಷ್ಟದಿಂದ ಎದ್ದು ಬಂದವರು ಕಷ್ಟದಿಂದಲೇ ಶುರು ಮಾಡುತ್ತಾರೆ. "ನನ್ನ ಜೀವನದಲ್ಲಿ ನಾನು ಅನುಭವಿಸಿದ ನೋವು ಅಷ್ಟಿಷ್ಟಲ್ಲ" ಎಂದು ಮೊದಲ ಸಾಲು ಬಿತ್ತೆಂದರೆ ಎರಡನೆಯ ಸಾಲಿಗೆ ಹೇಳಲು ಏನೂ ಉಳಿಯುವುದಿಲ್ಲ. ನಾನೂ ನಾಲ್ಕು ಸಲ ಹಾಗೆ ಶುರು ಮಾಡಿ ನಾಲ್ಕು ಸಲವೂ ಮೂರನೆಯ ಪುಟಕ್ಕೆ ಅತ್ತು ಎದ್ದೆ.

ಐದನೆಯ ಸಲ ಗಂಡನ ಸುದ್ದಿಗೇ ಹೋಗಲಿಲ್ಲ. ಮೇ ತಿಂಗಳ ಕೊನೆಗೆ ನನ್ನ ಮಷೀನಿನ ಸುತ್ತ ಬೀಳುತ್ತಿದ್ದ ಶಾಲೆ ಸಮವಸ್ತ್ರದ ಗಂಟುಗಳ ಬಗ್ಗೆ ಬರೆದೆ. ಯಾವ ತಾಯಿ ಚಡ್ಡಿಯನ್ನು ಎರಡು ಬೆರಳು ಉದ್ದ ಹೊಲಿಯಲು ಹೇಳುತ್ತಿದ್ದಳು, ಮುಂದಿನ ವರ್ಷಕ್ಕೂ ಬರಲಿ ಎಂದು. ಯಾರು ಅಣ್ಣನ ಅಂಗಿಯನ್ನೇ ಸಣ್ಣದು ಮಾಡಿಸುತ್ತಿದ್ದರು. ಜೂನ್ ಮಳೆಗೆ ಒಣಗದ ಬಟ್ಟೆಯ ವಾಸನೆ. ಎರಡೂವರೆ ಪುಟ ಆಯಿತು. ಕೊನೆಯ ಪ್ಯಾರಾದಲ್ಲಿ ನಾನು ಕರೆಯದೆಯೇ ಅವರು ಬಂದು ಕೂತಿದ್ದರು: ಕುಡಿಯದ ದಿನ ನನ್ನ ಪಕ್ಕ ಕೂತು ಗುಂಡಿ ಹಚ್ಚಿಕೊಡುತ್ತಿದ್ದವರು. ಕೈ ಬಹಳ ಚೊಕ್ಕಟ.

ನೀವೂ ಹೀಗೆ ಮಾಡಿ. 2019ರ ಆಗಸ್ಟಿನಲ್ಲಿ ಅಳ್ನಾವರದೊಳಗೆ ನೀರು ನುಗ್ಗಿದ್ದು ನಮಗೆಲ್ಲ ನೆನಪಿದೆ. ಆ ದಿನ ನಿಮ್ಮ ಮನೆಯಲ್ಲಿ ಅಟ್ಟಕ್ಕೆ ಮೊದಲು ಏರಿಸಿದ ಸಾಮಾನು ಯಾವುದು? ಎರಡನೆಯದು? ಬಿಟ್ಟುಬಂದದ್ದು ಯಾವುದು? ಪಟ್ಟಿ ಮಾಡಿ. ಪಟ್ಟಿಯಲ್ಲಿ ಒಂದನ್ನು ಆರಿಸಿ ಅದು ಎಲ್ಲಿಂದ ಬಂತು, ಎಷ್ಟಕ್ಕೆ ತಂದದ್ದು, ಯಾರ ಕೈ ಮುಟ್ಟಿ ಸವೆದಿದೆ, ಎಲ್ಲಿ ನಗ್ಗಿದೆ, ಅಷ್ಟನ್ನೇ ಬರೆಯಿರಿ. ಅದರಿಂದ ನಿಮಗೇನನಿಸಿತು ಎಂಬುದು ಈಗ ಬೇಡ.

ನಮ್ಮ ಓಣಿಯ ಒಬ್ಬ ತಂಗಿಗೆ ಇದನ್ನೇ ಹೇಳಿದೆ. ಹಿಂದೆ ಅವರದು ಕಿರಾಣಿ ಅಂಗಡಿ ಇತ್ತು. ಸಾಲ ಹೆಚ್ಚಾಗಿ ಗಂಡ ಊರು ಬಿಟ್ಟ, ಅಂಗಡಿ ಮುಚ್ಚಿ ಆರು ವರ್ಷವಾಗಿತ್ತು. ಅವಳ ಪಟ್ಟಿಯ ಮೊದಲ ಹೆಸರು ತಕ್ಕಡಿ. ಅಕ್ಕಿ ಚೀಲಕ್ಕಿಂತ ಮೊದಲು, ಹಾಸಿಗೆಗಿಂತ ಮೊದಲು, ತೂಗಲು ಏನೂ ಇಲ್ಲದ ಮನೆಯಲ್ಲಿ ಅವಳು ಅಟ್ಟಕ್ಕೆ ಏರಿಸಿದ್ದು ತಕ್ಕಡಿ. ಬರೆಯುವವರೆಗೆ ಅದು ಅವಳಿಗೇ ಗೊತ್ತಿರಲಿಲ್ಲ. "ಯಾಕ ಅಂತ ಗೊತ್ತಾಗವಲ್ದ್ರಿ ಅಕ್ಕಾರ" ಅಂದಳು. ಯಾಕೆ ಅನ್ನುವುದನ್ನು ಬರೆಯಬೇಡ, ತಕ್ಕಡಿ ಹೇಗಿತ್ತು ಬರೆ ಅಂದೆ.

ಹಂತ 3: ರೊಟ್ಟಿ ಬಡಿಯುವಾಗ ಆಡುವ ಮಾತಿನಲ್ಲೇ ಬರೆಯಿರಿ

ಪೆನ್ನು ಹಿಡಿದ ಕೂಡಲೇ ನಮಗೆ ಭಾಷಣದ ಕನ್ನಡ ಬಂದುಬಿಡುತ್ತದೆ. "ತೀವ್ರ ಆರ್ಥಿಕ ಸಂಕಷ್ಟದಲ್ಲಿ ಸಿಲುಕಿದ್ದೆವು" ಎಂದು ನಾನು ಬರೆದಿದ್ದೆ. ಅದನ್ನು ಓದಿ ಮಗಳು, "ಅವ್ವಾ, ನೀ ಹಿಂಗ ಯಾವಾಗ ಮಾತಾಡ್ತಿ?" ಅಂದಳು. ಹೊಡೆದುಹಾಕಿ ಹೀಗೆ ಬರೆದೆ: "ಅಂಗಡಿಯವರು ನಮ್ಮ ಉದ್ರಿ ವಹಿ ಮುಚ್ಚಿದರು. ಆ ವಾರವೆಲ್ಲ ರೊಟ್ಟಿಗೆ ಕೆಂಪು ಖಾರ ಒಂದೇ." ಸಂಕಷ್ಟ ಎಂಬ ಪದ ಹೋಯಿತು, ಸಂಕಷ್ಟ ಉಳಿಯಿತು.

ನಮ್ಮ ಮಾತು ಪುಸ್ತಕಕ್ಕೆ ಸಲ್ಲದು ಎಂಬ ಅಂಜಿಕೆ ಧಾರವಾಡ ಸೀಮೆಯವರಿಗೆ ಇರಲೇಬಾರದು. ಬೇಂದ್ರೆಯವರು ಸಾಧನಕೇರಿಯಲ್ಲಿ ಕೂತು ಈ ಮಾತನ್ನೇ ಕಾವ್ಯ ಮಾಡಿದರು. 'ನಾಕು ತಂತಿ'ಗೆ 1973ರ ಜ್ಞಾನಪೀಠ ಬಂತು, ಆ ಹೆಸರಿನಲ್ಲಿರುವ 'ನಾಕು' ನಮ್ಮ ಬಾಯಿಯದೇ. ಕಲಬುರಗಿಯ ಮಿಲ್ ಕಾರ್ಮಿಕರ ಮಗಳು ಗೀತಾ ನಾಗಭೂಷಣ ತಮ್ಮ ಕಡೆಯ ಬಡವರ ಆಡುಮಾತಿನಲ್ಲೇ 'ಬದುಕು' ಬರೆದರು. 2004ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ, ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಹೆಣ್ಣುಮಗಳು ಅವರಾದರು.

ಆದರೂ ಒಂದು ಲೆಕ್ಕ ಬೇಕು. ಜನ ಆಡುವ ಮಾತನ್ನು ಪೂರ್ತಿ ನಮ್ಮ ಮಾತಿನಲ್ಲಿಡಿ, ನಡುವೆ ನೀವು ಹೇಳುವ ಭಾಗವನ್ನು ಸಲೀಸಾಗಿ ಬರುವ ಕನ್ನಡದಲ್ಲಿಡಿ. ಒಂದೇ ವಾಕ್ಯದಲ್ಲಿ ಅರ್ಧ ಅದು ಅರ್ಧ ಇದು ಆದರೆ ಓದುವವರ ನಾಲಿಗೆ ತೊಡರುತ್ತದೆ. ಇನ್ನು ಅಳ್ನಾವರದವರಿಗೆ ಒಂದು ವಿಶೇಷ ಸೌಲಭ್ಯವಿದೆ. ಇಲ್ಲಿ ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುತ್ತದೆ; ಲೋಂಡಾ ಕಡೆಯ ಮರಾಠಿ, ಓಣಿಯ ಉರ್ದು, ರೈಲ್ವೆಯವರ ಹಿಂದಿ ಎಲ್ಲ ಕಿವಿಗೆ ಬಿದ್ದಿದೆ. ಭತ್ತಕ್ಕೂ ಜೋಳಕ್ಕೂ ಎರಡಕ್ಕೂ ಮಾತು ಗೊತ್ತಿರುವ ಊರು. ಒಂದು ಪುಟ ಬರೀ ಪದಗಳಿಗೆ ಮೀಸಲಿಡಿ. ನಿಮ್ಮ ಅಜ್ಜಿ ಆಡುತ್ತಿದ್ದು ಈಗ ಯಾರೂ ಆಡದ ಮಾತುಗಳನ್ನು ನೆನಪಾದಾಗೆಲ್ಲ ಅಲ್ಲಿ ಬರೆದಿಡಿ. ನನ್ನ ಆ ಪುಟ ಈಗ ಹತ್ತು ಪುಟವಾಗಿದೆ.

ಹಂತ 4: ಓದು, ಸ್ವಲ್ಪ ಸ್ವಲ್ಪ

ಊರಿನ ಗ್ರಂಥಾಲಯದಲ್ಲಿ ಸದಸ್ಯರಾಗಿ. ತಿಂಗಳಿಗೊಂದು ಪುಸ್ತಕ ಸಾಕು, ಎರಡು ಸಲ ಓದಿ. ಎರಡನೆಯ ಸಲ ಅವರು ಎಲ್ಲಿ ಶುರು ಮಾಡಿದರು, ಏನನ್ನು ಹೇಳದೆ ಬಿಟ್ಟರು ಎಂದು ಪೆನ್ಸಿಲ್ ಹಿಡಿದು ನೋಡಿ. 'ಫಣಿಯಮ್ಮ' ಮೊದಲು ಓದಿ. ತಾಯಿಯ ಬಾಯಿಂದ ಕೇಳಿದ ಬಾಲವಿಧವೆಯೊಬ್ಬರ ಬದುಕನ್ನು ಇಂದಿರಾ ಅವರು 1976ರಲ್ಲಿ ಪುಸ್ತಕ ಮಾಡಿದರು. ಚಿಕ್ಕಂದಿನಲ್ಲಿ ಕೇಳಿದ್ದು ಅರವತ್ತರ ಹತ್ತಿರ ಬರೆದಾಗಲೂ ಎಷ್ಟು ತಾಜಾ ಇರಬಲ್ಲದು ನೋಡಿ. ಆಮೇಲೆ ರಾಜೇಶ್ವರಿ ತೇಜಸ್ವಿಯವರ 'ನನ್ನ ತೇಜಸ್ವಿ'. ಗಂಡ ತೀರಿಕೊಂಡ ಮೇಲೆ ಬರೆದದ್ದು, ಆದರೂ ಪುಸ್ತಕದ ತುಂಬ ಕಾಣುವುದು ಸಾವಲ್ಲ, ಬದುಕಿದ ದಿನಗಳು. ಧಾರವಾಡಕ್ಕೆ ಆಸ್ಪತ್ರೆಗೋ ಸಂತೆಗೋ ಹೋದಾಗ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿ ಬನ್ನಿ. ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಸಂಸ್ಥೆ ಅದು. 1890ರಿಂದ ಇರುವ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಯಾವುದಾದರೂ ಕಾರ್ಯಕ್ರಮ ಇದ್ದರೆ ಹಿಂದಿನ ಸಾಲಿನಲ್ಲಿ ಕೂತು ಕೇಳಿ.

ಹಂತ 5: ಈಗ ಆ ಮುಚ್ಚಿದ ಪೆಟ್ಟಿಗೆ

ಆರೆಂಟು ತಿಂಗಳು ಸಾಮಾನು, ಊಟ, ಮಳೆ, ಕೆಲಸ ಎಂದು ಬರೆದ ಮೇಲೆ ಕೈಗೆ ಬಲ ಬಂದಿರುತ್ತದೆ. ಆಗ ದೊಡ್ಡ ನೋವಿನ ಹತ್ತಿರ ಹೋಗಿ. ಒಮ್ಮೆಗೇ ಪೂರ್ತಿ ಬೇಡ. ಒಂದು ದಿನ, ಒಂದು ಕೋಣೆ, ಒಂದು ಮಾತುಕತೆ, ಅಷ್ಟೇ.

ಬರೆಯುತ್ತಿದ್ದಂತೆ ಮೈ ಬೆವರಿ, ಉಸಿರು ಕಟ್ಟಿದಂತಾದರೆ ಪೆನ್ನು ಕೆಳಗಿಡಿ. ಎದ್ದು ಅಂಗಳಕ್ಕೆ ಬನ್ನಿ, ನೀರು ಕುಡಿಯಿರಿ, ಅವತ್ತಿಗೆ ಸಾಕು. ಎರಡು ವಾರ ನಿದ್ದೆ ಬರದಿದ್ದರೆ, ಬದುಕೇ ಬೇಡ ಎನ್ನಿಸಿದರೆ ಅದು ಬರವಣಿಗೆಯಿಂದ ವಾಸಿಯಾಗುವಂಥದ್ದಲ್ಲ, ವೈದ್ಯರಿಗೆ ತೋರಿಸಬೇಕಾದದ್ದು. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಹೋಗಲು ಆಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನನ್ನ ಆ ಎರಡು ವರ್ಷದಲ್ಲಿ ನಾನು ಯಾರ ಹತ್ತಿರವೂ ಹೋಗಲಿಲ್ಲ. ಹೋಗಬೇಕಿತ್ತು. ಇದನ್ನು ಬರೆಯಲು ನನಗೆ ನಾಚಿಕೆ ಇಲ್ಲ.

ಎಷ್ಟು ಕಾಯಬೇಕು ಎಂದು ಕೇಳುತ್ತಾರೆ. ಲೇಖಕಿ ವಿಜಯಾ ಅವರು ದಶಕಗಳ ಕಾಲ ಪತ್ರಿಕೆ, ರಂಗಭೂಮಿ ಎಂದು ಅಕ್ಷರದ ನಡುವೆಯೇ ಇದ್ದವರು. ಆದರೂ ದಾಂಪತ್ಯದ ಹಿಂಸೆಯನ್ನು ಹೇಳುವ ಆತ್ಮಕಥೆ 'ಕುದಿ ಎಸರು' ಬಂದದ್ದು ಅವರ ಇಳಿವಯಸ್ಸಿನಲ್ಲಿ. 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಸಿಕ್ಕಿತು. ಹೇಳಲು ಧೈರ್ಯವಿದ್ದವರಿಗೂ ಹೇಳುವ ಹೊತ್ತು ಬರಬೇಕಾಗುತ್ತದೆ.

ನಿಮ್ಮನ್ನು ನೋಯಿಸಿದವರನ್ನು ಬರೆಯುವಾಗ ಕಣ್ಣಿಂದ ಕಂಡದ್ದು, ಕಿವಿಯಿಂದ ಕೇಳಿದ್ದು ಇಷ್ಟನ್ನೇ ಇಡಿ. ಅವರ ಮನಸ್ಸಿನಲ್ಲಿ ಏನಿತ್ತು ಎಂದು ಊಹಿಸಿ ಬರೆಯಬೇಡಿ. ಅವರ ಒಂದು ಒಳ್ಳೆಯ ಗಳಿಗೆಯನ್ನೂ ಹುಡುಕಿ. ನನ್ನ ಗಂಡ ಗುಂಡಿ ಹಚ್ಚುತ್ತಿದ್ದ ಆ ಪುಟ ಸರಿಯಾಗಿ ಬರಲು ಮೂರು ವರ್ಷ ಹಿಡಿಯಿತು. ಬರೀ ಕುಡುಕ ಎಂದು ಬರೆದಿದ್ದಾಗ ನಾನು ಅವರ ಜೊತೆ ಯಾಕೆ ಉಳಿದೆ ಎಂಬುದು ಓದಿದವರಿಗೆ ತಿಳಿಯುತ್ತಿರಲಿಲ್ಲ, ನನಗೂ ತಿಳಿಯುತ್ತಿರಲಿಲ್ಲ.

ಬದುಕಿರುವವರ ಹೆಸರು, ಓಣಿ, ಕಸುಬು ಮೂರನ್ನೂ ಬದಲಿಸಿ. ಸಣ್ಣ ಊರಿನಲ್ಲಿ ಹೆಸರೊಂದನ್ನು ಬದಲಿಸಿದರೆ ಸಾಲದು, ಕಸುಬಿನ ಮೇಲೆಯೇ ಗುರುತು ಹಿಡಿಯುತ್ತಾರೆ. ಮಕ್ಕಳಿಗೆ ಸಂಬಂಧಿಸಿದ್ದನ್ನು ಮಕ್ಕಳಿಗೆ ಓದಿ ಹೇಳಿಯೇ ಹೊರಗೆ ಕಳಿಸಿ. ನನ್ನ ಮಗಳು ಎರಡು ಪುಟ ಬೇಡ ಅಂದಳು. ತೆಗೆದೆ. ಆ ಪುಟಗಳು ವಹಿಯಲ್ಲಿವೆ, ಇರಲಿ.

ಹಂತ 6: ಬಿಚ್ಚಿ ಹೊಲಿಯುವುದು

ಹೊಸ ಬಟ್ಟೆಗೆ ಮೊದಲು ಕಚ್ಚಾ ಹೊಲಿಗೆ ಹಾಕುತ್ತೇವೆ, ತೊಡಿಸಿ ನೋಡುತ್ತೇವೆ, ಆಮೇಲೆ ಮಷೀನು. ಬರಹಕ್ಕೂ ತೊಡಿಸಿ ನೋಡುವುದು ಎಂದರೆ ಗಟ್ಟಿಯಾಗಿ ಓದುವುದು. ಉಸಿರು ಸಾಲದ ಕಡೆ ವಾಕ್ಯ ಉದ್ದವಾಗಿದೆ, ತುಂಡು ಮಾಡಿ. ನಾಲಿಗೆ ತಡೆದ ಕಡೆ ಪದ ಸುಳ್ಳಾಗಿದೆ, ಬದಲಿಸಿ. ಮೊದಲ ಪ್ಯಾರಾ ಮುಚ್ಚಿಕೊಂಡು ಎರಡನೆಯದರಿಂದ ಓದಿ ನೋಡಿ. ಹತ್ತರಲ್ಲಿ ಎಂಟು ಸಲ ಅಲ್ಲಿಂದಲೇ ಶುರುವಾಗಬೇಕಿತ್ತು ಎಂದು ಗೊತ್ತಾಗುತ್ತದೆ. ಮೊದಲನೆಯದು ನಾವು ಗಂಟಲು ಸರಿ ಮಾಡಿಕೊಂಡದ್ದು. ಕತ್ತರಿಸಿದ್ದನ್ನು ಹರಿದು ಒಗೆಯಬೇಡಿ. ಬಲ್ಲ ದರ್ಜಿ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟೇ ಹೊಲಿಯುತ್ತಾನೆ.

ಕೇಳುವವರು ಒಬ್ಬರು ಬೇಕು. ಹೊಗಳುವವರನ್ನೂ ತಿದ್ದುವ ಮೇಷ್ಟರನ್ನೂ ಆಮೇಲೆ ಹುಡುಕಿ. ಮೊದಲು ಸುಮ್ಮನೆ ಕೇಳಿ, "ಇಲ್ಲಿ ತಿಳೀಲಿಲ್ಲ ನೋಡ್ರಿ" ಎನ್ನುವವರು ಸಿಕ್ಕರೆ ಸಾಕು.

ಹಂತ 7: ಕಳಿಸುವುದು

ನನ್ನ ಮೊದಲ ಕತೆಯನ್ನು ಕೈಯಿಂದ ಬರೆದ ಒಂದೇ ಪ್ರತಿಯನ್ನು ಒಂದು ಪತ್ರಿಕೆಗೆ ಅಂಚೆಯಲ್ಲಿ ಕಳಿಸಿದೆ. ಉತ್ತರವೂ ಬರಲಿಲ್ಲ, ಕತೆಯೂ ತಿರುಗಿ ಬರಲಿಲ್ಲ. ಮತ್ತೆ ಬರೆದೆ, ಅದು ಮೊದಲಿನಂತೆ ಆಗಲಿಲ್ಲ. ಝೆರಾಕ್ಸ್ ಮಾಡಿಸದೆ, ಮೊಬೈಲಿನಲ್ಲಿ ಫೋಟೊ ತೆಗೆಯದೆ ಏನನ್ನೂ ಕಳಿಸಬೇಡಿ. ಈಗ ಬಹಳ ಪತ್ರಿಕೆಗಳು ಇ-ಮೇಲ್ ಕೇಳುತ್ತವೆ, ಯುನಿಕೋಡ್ ಇಲ್ಲವೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿ. ಸುಧಾ, ಮಯೂರ, ತುಷಾರ, ದಿನಪತ್ರಿಕೆಗಳ ಭಾನುವಾರದ ಪುರವಣಿ, ಯಾವುದಕ್ಕೆ ಕಳಿಸುತ್ತೀರೋ ಅದರ ಮೂರು ಸಂಚಿಕೆ ಓದಿ, ಎಷ್ಟು ಪದದ ಬರಹ ಹಾಕುತ್ತಾರೆಂದು ನೋಡಿಕೊಳ್ಳಿ. ಒಂದು ಬರಹ ಒಂದು ಸಲಕ್ಕೆ ಒಂದೇ ಕಡೆ. ಮೂರು ತಿಂಗಳು ಕಾಯಿರಿ, ಕಾಯುತ್ತ ಇನ್ನೊಂದು ಬರೆಯಿರಿ. ಧಾರವಾಡ ಆಕಾಶವಾಣಿ 1950ರಿಂದ ಈ ಸೀಮೆಯ ದನಿಗಳನ್ನು ಕೇಳಿಸುತ್ತಿದೆ; ಓದುವ ಧ್ವನಿ ಚೆನ್ನಾಗಿದ್ದರೆ ಅಲ್ಲಿಗೂ ಪತ್ರ ಬರೆದು ಕೇಳಿ.

ಹಂತ 8: ಪುಸ್ತಕದ ಆತುರ

ಹತ್ತು ಬರಹ ಅಚ್ಚಾಗುವ ಮೊದಲು ಪುಸ್ತಕದ ಮಾತು ಬೇಡ. ನಾನು ನಾಲ್ಕಕ್ಕೇ ಅವಸರ ಮಾಡಿ, ಚೀಟಿ ಎತ್ತಿದ ದುಡ್ಡನ್ನು ಒಬ್ಬ ಪ್ರಕಾಶಕರಿಗೆ ಕೊಟ್ಟೆ. 500 ಪ್ರತಿಯ ಮಾತಾಗಿತ್ತು, ಮನೆಗೆ ಬಂದದ್ದು 200. ಕಾಗದದ ಮೇಲೆ ಏನೂ ಬರೆಸಿಕೊಂಡಿರಲಿಲ್ಲ. ಎಷ್ಟು ಪ್ರತಿ, ಯಾವ ತಾರೀಖಿಗೆ, ಮುಂಗಡ ಎಷ್ಟು, ಹಕ್ಕು ಯಾರದು, ಇಷ್ಟನ್ನು ಬರೆಸಿ ಸಹಿ ಮಾಡಿಸಿಕೊಳ್ಳಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಧನಸಹಾಯ ಕೊಡುತ್ತದೆ, ಒಳ್ಳೆಯ ಕೆಲಸ. ತಡವಾಗಿ ಪೆನ್ನು ಹಿಡಿದವರ ಚೊಚ್ಚಲ ಕೃತಿಗೂ ಅಂಥದೊಂದು ಬೇಕು ಎಂದು ನಾನು ಕೇಳುತ್ತಲೇ ಇರುತ್ತೇನೆ. ತಡವಾಯಿತೆಂದು ಅವಸರ ಮಾತ್ರ ಬೇಡ. ಹಾಸನದ ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದದ್ದು 2025ರಲ್ಲಿ, ಅವರ 77ನೇ ವಯಸ್ಸಿನಲ್ಲಿ. ಆ ಕತೆಗಳ ಹಿಂದೆ ಮೂವತ್ತಕ್ಕೂ ಹೆಚ್ಚು ವರ್ಷಗಳ ಬರವಣಿಗೆ ಇದೆ.

ತಕ್ಕಡಿಯ ತಂಗಿ ತನ್ನ ಬರಹವನ್ನು ಐದು ಸಲ ತಿದ್ದಿದಳು. ಒಂದು ತಟ್ಟೆಯ ಅಡಿಗೆ ಗಂಡ ಹುಣಸೆಹಣ್ಣು ಮೆತ್ತಿ ತೂಕ ಕದಿಯುತ್ತಿದ್ದ, ಅವನು ಊಟಕ್ಕೆ ಎದ್ದಾಗ ಇವಳು ಅದನ್ನು ಕೆರೆದು ತೆಗೆಯುತ್ತಿದ್ದಳು, ಇಬ್ಬರೂ ಹದಿನಾರು ವರ್ಷ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಇದು ಬಂದದ್ದು ನಾಲ್ಕನೆಯ ಸಲ ಬರೆಯುವಾಗ. ಹೋದ ತಿಂಗಳು ಝೆರಾಕ್ಸ್ ಮಾಡಿಸಿಟ್ಟುಕೊಂಡು ಒಂದು ಪುರವಣಿಗೆ ಕಳಿಸಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಮೊನ್ನೆ ಭಾನುವಾರ ಬಂದವಳ ಕೈಯಲ್ಲಿ ಹಳೆಯ ಉದ್ರಿ ವಹಿ ಇತ್ತು, ಅಂಚು ಗೆದ್ದಲು ತಿಂದದ್ದು. ಇನ್ನೂ ದುಡ್ಡು ಕೊಡಬೇಕಾದ ಮನೆಗಳ ಬಗ್ಗೆ, ಮನೆಗೊಂದು ಪುಟದಂತೆ ಬರೆಯಬೇಕಂತೆ.

"ಹೆಸರು ಬದಲಿಸಬೇಕೇನ್ರಿ ಅಕ್ಕಾರ?"

"ಬದಲಿಸವ್ವಾ" ಅಂದೆ. "ಬಾಕಿ ಮಾತ್ರ ಇದ್ದಷ್ಟೇ ಇರಲಿ."